ರಾತ್ರಿ ಪಾಳಿ ಬಿಟ್ಟರೆ ನನ್ನ ಸ್ವಾತಂತ್ರ್ಯವನ್ನೂ ಬಿಟ್ಟುಕೊಟ್ಟಂತೆ ಆಗುತ್ತದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ನರ್ಸಿಂಗ್ ಓದು ಮುಗಿಸಿ ಕೆಲಸಕ್ಕೆ ಸೇರಿ ಇದು ಮೂರನೆಯ ವರ್ಷ. 30 ಹಾಸಿಗೆಗಳ ಮೆಡಿಕಲ್ ವಾರ್ಡೊಂದರಲ್ಲಿ ಕಳೆದ 14 ತಿಂಗಳಿಂದ ಹೆಚ್ಚುಕಡಿಮೆ ಕಾಯಂ ಆಗಿ ನೈಟ್ ಡ್ಯೂಟಿ ಮಾಡುತ್ತಿದ್ದೇನೆ. ಇದನ್ನು ಯಾರೂ ನನ್ನ ಮೇಲೆ ಹೊರಿಸಲಿಲ್ಲ. ರೋಸ್ಟರ್ (ಯಾರಿಗೆ ಯಾವ ಪಾಳಿ ಎಂಬ ಪಟ್ಟಿ) ಬರೆಯುವ ಹೊತ್ತಿಗೆ ರಾತ್ರಿಗೆ ಜನ ಸಿಗದೆ ಇನ್‌ಚಾರ್ಜ್ ಸಿಸ್ಟರ್ ಪರದಾಡುವುದನ್ನು ನೋಡಿ, ಒಂದು ತಿಂಗಳ ಮಟ್ಟಿಗೆ ಎಂದು ನಾನೇ ಕೇಳಿ ತೆಗೆದುಕೊಂಡದ್ದು. ಆಮೇಲೆ ಬಿಡಲು ಮನಸ್ಸಾಗಲಿಲ್ಲ.

ಏಕೆ ಮನಸ್ಸಾಗಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಪ್ರಶ್ನೆ ಇರುವುದೇ ಅಲ್ಲಿ. ಹಗಲಿನ ವಾರ್ಡಿನಲ್ಲಿ ನಾನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವಳಾಗಿದ್ದೆ. ರೌಂಡ್ಸಿಗೆ ಬಂದ ಹಿರಿಯ ವೈದ್ಯರು ಹೇಳಿದ್ದನ್ನು ಬರೆದುಕೊಳ್ಳುವುದು, ರೋಗಿಗಳನ್ನು ಸ್ಕ್ಯಾನಿಂಗಿಗೆ ಕಳಿಸುವುದು, ಅವರ ಕಡೆಯವರಿಗೆ ಉತ್ತರ ಹೇಳುವುದು, ಡಿಸ್ಚಾರ್ಜಿನ ಕಾಗದಪತ್ರ ಹೊಂದಿಸುವುದು, ಈ ಓಡಾಟದ ನಡುವೆ ಯಾವ ರೋಗಿಯ ಮುಖವನ್ನೂ ಎರಡು ನಿಮಿಷ ನಿಂತು ನೋಡಿದ ನೆನಪಿಲ್ಲ. ರಾತ್ರಿ ಹಾಗಲ್ಲ. 11 ಗಂಟೆಗೆ ದೊಡ್ಡ ದೀಪಗಳನ್ನು ಆರಿಸಿದ ಮೇಲೆ ಉಳಿಯುವವರು ಇಬ್ಬರು ನರ್ಸುಗಳು ಮತ್ತು ಮೂರು ವಾರ್ಡುಗಳಿಗೆ ಸೇರಿ ಒಬ್ಬ ಡ್ಯೂಟಿ ಡಾಕ್ಟರ್. ಯಾರ ಉಸಿರು ಯಾವ ಲಯದಲ್ಲಿ ಸಾಗುತ್ತದೆ, ಯಾರು ನೋವನ್ನು ಬಾಯಿಬಿಟ್ಟು ಹೇಳದೆ ಮಗ್ಗುಲು ಬದಲಿಸುತ್ತಲೇ ಇರುತ್ತಾರೆ, ಯಾವ ಇನ್‌ಫ್ಯೂಷನ್ ಪಂಪ್ (ಡ್ರಿಪ್ ಹರಿಸುವ ಯಂತ್ರ) ನಿಜವಾಗಿ ಕರೆಯುತ್ತಿದೆ, ಯಾವುದು ರೋಗಿ ಕೈ ಮಡಚಿದ್ದಕ್ಕಷ್ಟೇ ಕೂಗುತ್ತಿದೆ ಎಂಬುದನ್ನು ನಾನು ಕಲಿತದ್ದು ಆ ಹೊತ್ತಿನಲ್ಲೇ. ನಾನು ನರ್ಸ್ ಆದೆ ಎಂದು ನನಗೆ ಅನಿಸಿದ್ದು ಪ್ರಮಾಣಪತ್ರ ಕೈಗೆ ಬಂದ ದಿನವಲ್ಲ, ಅಂಥ ಒಂದು ರಾತ್ರಿಯ ಮೂರು ಗಂಟೆಗೆ.

ಇನ್ನೊಂದು ಕಾರಣ ಆಸ್ಪತ್ರೆಯ ಹೊರಗಿನದು. ಮನೆಯಲ್ಲಿದ್ದಷ್ಟು ಕಾಲ ನನ್ನ ದಿನದ ಪ್ರತಿ ಗಂಟೆಗೂ ಲೆಕ್ಕ ಇತ್ತು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದೆ ಬಾಗಿಲು ದಾಟಿದ್ದಿಲ್ಲ. ಅಪ್ಪ, ಅಮ್ಮ ಕಟುವಾದವರಲ್ಲ. ಕಾಳಜಿ ಅವರಿಗೆ ಬರುವುದೇ ಪ್ರಶ್ನೆಯ ರೂಪದಲ್ಲಿ. ಈಗ ಬೆಳಗ್ಗೆ ಎಂಟೂವರೆಗೆ ನನ್ನದೇ ಬಾಡಿಗೆಯ ಕೋಣೆಯ ಬೀಗ ತೆಗೆದು ಒಳಗೆ ಬಂದಾಗ ಯಾರೂ ಏನನ್ನೂ ಕೇಳುವುದಿಲ್ಲ. ನೈಟ್ ಆಫ್ ಇರುವ ದಿನ ಎಲ್ಲರೂ ಕೆಲಸದಲ್ಲಿರುವ ಹೊತ್ತಿನಲ್ಲಿ ನಾನು ಖಾಲಿ ರಸ್ತೆಯಲ್ಲಿ ನಡೆಯುತ್ತೇನೆ. ನನ್ನ ಸಂಬಳ, ನನ್ನ ನಿದ್ದೆ, ನನ್ನ ಎಚ್ಚರ ಎಲ್ಲವೂ ನನ್ನ ಕೈಯಲ್ಲಿವೆ ಎಂಬ ಭಾವನೆ ನನಗೆ ತುಂಬ ಬೆಲೆಯುಳ್ಳದ್ದು.

ಆದರೆ ಮರೆಮಾಚಿರುವ ಸಂಗತಿಗಳೂ ಇವೆ. ನನಗೆ ಅಪರೂಪಕ್ಕೊಮ್ಮೆ ಮಾತ್ರ ನೈಟ್ ಬರುತ್ತದೆ ಎಂದು ಮನೆಯಲ್ಲಿ ಹೇಳಿದ್ದೇನೆ. ಅಮ್ಮ ಮಧ್ಯಾಹ್ನ 12 ಗಂಟೆಗೆ ಫೋನ್ ಮಾಡುತ್ತಾರೆ. ನಾನು ಎರಡು ಗಂಟೆ ಕೂಡ ಮಲಗಿರುವುದಿಲ್ಲ, ಆದರೂ ಗಂಟಲು ಸರಿಮಾಡಿಕೊಂಡು ಲವಲವಿಕೆಯಿಂದ ಮಾತಾಡುತ್ತೇನೆ. ಫೋನ್ ಇಟ್ಟ ಮೇಲೆ ನಿದ್ದೆ ಮತ್ತೆ ಹತ್ತಿರ ಬರುವುದಿಲ್ಲ. ಮೂರು ವಾರಗಳ ಹಿಂದೆ, ಸತತ ಐದನೆಯ ನೈಟ್ ಮುಗಿಸಿ ಸ್ಕೂಟರಿನಲ್ಲಿ ಹೊರಟೆ. ಆಸ್ಪತ್ರೆಯಿಂದ ನನ್ನ ಕೋಣೆಗೆ ನಾಲ್ಕು ಸಿಗ್ನಲ್‌ಗಳಿವೆ. ಮೊದಲನೆಯದು ನೆನಪಿದೆ. ಉಳಿದ ಮೂರನ್ನು ನಾನು ಹೇಗೆ ದಾಟಿದೆ ಎಂಬುದು ಇಂದಿಗೂ ನೆನಪಾಗುತ್ತಿಲ್ಲ. ಕೋಣೆಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಕೈ ನಡುಗುತ್ತಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಮುಂದಿನ ತಿಂಗಳಿಂದ ಎಲ್ಲರ ಹಾಗೆ ನನ್ನನ್ನೂ ಮೂರು ಪಾಳಿಗಳಲ್ಲಿ ಹಾಕುತ್ತೇನೆ ಎಂದು ಇನ್‌ಚಾರ್ಜ್ ಸಿಸ್ಟರ್ ಮೊನ್ನೆ ಹೇಳಿದರು. ಸಂತೋಷವಾಗಬೇಕಿತ್ತು. ಆದರೆ ನನ್ನ ಕೋಣೆಯ ಬೀಗದ ಕೈಯನ್ನೇ ಯಾರೋ ಕಿತ್ತುಕೊಂಡ ಹಾಗೆ ಅನಿಸಿತು. ನಾನು ಸ್ವಾತಂತ್ರ್ಯ ಎಂದುಕೊಂಡಿರುವುದು ನಿಜವಾಗಿಯೂ ಅದೇನಾ, ಅಥವಾ ಯಾರ ಕಣ್ಣಿಗೂ ಬೀಳದೆ ಇರುವ ಒಂದು ಏರ್ಪಾಡು ಮಾತ್ರವೇ? ರಾತ್ರಿ ಪಾಳಿಯನ್ನು ಬಿಟ್ಟವರು, ಬಿಡದೆ ಮುಂದುವರಿಸಿದವರು, ಮನೆಯವರ ಜೊತೆ ಈ ವಿಷಯ ಮಾತಾಡಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ (ಹಿರಿಯ ಶುಶ್ರೂಷಾಧಿಕಾರಿ)

ನೀವು ನನ್ನ ಮಗಳ ವಯಸ್ಸಿನವರು. ಆದರೂ ಒಂದೇ ವೃತ್ತಿಯವರಾದ್ದರಿಂದ ನೀವು ಎಂದೇ ಬರೆಯುತ್ತೇನೆ. ನಾನು ಈ ಕೆಲಸಕ್ಕೆ ಬಂದು 26 ವರ್ಷಗಳಾದವು, ಅದರಲ್ಲಿ ಎಷ್ಟು ರಾತ್ರಿಗಳು ಸೇರಿವೆ ಎಂದು ಎಣಿಸಿಲ್ಲ.

ಹ್ಯಾಂಡೋವರ್ ಕೊಡುವಾಗ, ಅಂದರೆ ಪಾಳಿ ಮುಗಿಸಿ ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವಾಗ, ಹೆಚ್ಚು ಅಪಾಯದಲ್ಲಿರುವ ರೋಗಿಯ ವಿಷಯವನ್ನು ಮೊದಲು ಹೇಳಬೇಕು ಎಂದು ನಮಗೆ ಕಲಿಸುತ್ತಾರೆ. ನೀವು ಅದನ್ನು ಹೆಚ್ಚುಕಡಿಮೆ ಕೊನೆಗೆ ಇಟ್ಟಿದ್ದೀರಿ. ಆದ್ದರಿಂದ ಸ್ಕೂಟರಿನ ಸಂಗತಿಯಿಂದಲೇ ನಾನು ಆರಂಭಿಸುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ಎದ್ದವರು ಮರುದಿನ ಬೆಳಗ್ಗೆ ಎಂಟೂವರೆಗೆ ವಾಹನ ಹತ್ತಿದರೆ ಹದಿನೇಳೂವರೆ ಗಂಟೆ ಎಚ್ಚರವಾಗಿದ್ದ ಲೆಕ್ಕ. 17 ಗಂಟೆ ಸತತ ಎಚ್ಚರವಾಗಿರುವವರ ಕೈ ಮತ್ತು ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇಕಡಾ 0.05 ಮದ್ಯಾಂಶ ಇರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತ್ತು. ಅಷ್ಟು ಮದ್ಯಾಂಶವಿದ್ದರೆ ವಾಹನ ಓಡಿಸುವುದನ್ನೇ ಅನೇಕ ದೇಶಗಳ ಕಾನೂನು ತಡೆಯುತ್ತದೆ. ನಿಮ್ಮ ವಿಷಯದಲ್ಲಿ ಅದರ ಮೇಲೆ ಐದು ದಿನಗಳ ಅರೆನಿದ್ದೆಯೂ ಸೇರಿತ್ತು. ಮೂರು ಸಿಗ್ನಲ್‌ಗಳು ನಿಮಗೆ ನೆನಪಿಲ್ಲದಿರುವುದಕ್ಕೆ ಮರೆವು ಕಾರಣವಾಗಿರಲಾರದು. ಕಣ್ಣು ತೆರೆದಿದ್ದಾಗಲೇ ಮಿದುಳು ಕೆಲವು ಸೆಕೆಂಡುಗಳ ಮಟ್ಟಿಗೆ ನಿದ್ದೆಗೆ ಜಾರುವುದುಂಟು, ಮತ್ತು ಹಾಗೆ ಜಾರಿದವರಿಗೆ ಜಾರಿದ್ದು ತಿಳಿಯುವುದಿಲ್ಲ. ನೈಟ್ ಮುಗಿಸಿದ ಬೆಳಗ್ಗೆ ಇನ್ನು ಮುಂದೆ ಸ್ಕೂಟರ್ ಮುಟ್ಟಬೇಡಿ. ಉಳಿದೆಲ್ಲವನ್ನೂ ನಿಧಾನವಾಗಿ ತೀರ್ಮಾನಿಸಬಹುದು, ಇದನ್ನು ಇವತ್ತೇ ತೀರ್ಮಾನಿಸಿ.

14 ತಿಂಗಳಾದ್ದರಿಂದ ದೇಹ ಒಗ್ಗಿಕೊಂಡಿದೆ ಎಂದು ನೀವು ಭಾವಿಸಿರಬಹುದು. ಬಹುಪಾಲು ಜನರಲ್ಲಿ ಅದು ಪೂರ್ತಿಯಾಗಿ ಒಗ್ಗುವುದೇ ಇಲ್ಲ. ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ, ಮಿದುಳಿನ ಒಳಗೆ, ನಮ್ಮ ದೇಹದ ಮುಖ್ಯ ಗಡಿಯಾರ ಇದೆ, ಮತ್ತು ಅದಕ್ಕೆ ಕೀಲಿ ಕೊಡುವುದು ಬೆಳಕು. ರಾತ್ರಿಯಿಡೀ ದುಡಿದು ಬೆಳಗಿನ ಬಿಸಿಲಿನಲ್ಲಿ ಮನೆಗೆ ಹೋಗುವಾಗ ಆ ಗಡಿಯಾರ ಮತ್ತೆ ಹಗಲಿಗೇ ಹೊಂದಿಕೊಳ್ಳುತ್ತದೆ. ರಜೆಯ ದಿನ ನಾವು ಹಗಲಿನವರಾಗಿ ಬದುಕುವುದರಿಂದ ಉಳಿದ ಅಲ್ಪಸ್ವಲ್ಪ ಹೊಂದಾಣಿಕೆಯೂ ಕಳೆದುಹೋಗುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಾವು ನರ್ಸುಗಳು ಇದನ್ನು ಬೆಳಗಿನ ಜಾವ ನಾಲ್ಕು ಗಂಟೆಯಲ್ಲಿ ಕಂಡುಕೊಂಡವರು. ದೇಹದ ಶಾಖ ಅತಿ ಕಡಿಮೆಯಾಗುವುದು ಆ ಆಸುಪಾಸಿನಲ್ಲೇ, ಕೂಡಿಸಿದ ಲೆಕ್ಕವನ್ನೇ ಮತ್ತೆ ಮತ್ತೆ ಕೂಡಿಸುವುದೂ ಆಗಲೇ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥ ಅಳತೆ ತಪ್ಪಿದರೆ ಅಪಾಯವಾಗುವ ಔಷಧಗಳನ್ನು ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ ನೋಡಿದ ಮೇಲೆಯೇ ಕೊಡಬೇಕು ಎಂಬ ನಿಯಮವನ್ನು ನನ್ನ ವಾರ್ಡಿನಲ್ಲಿ ಆ ಹೊತ್ತಿಗೆ ಯಾರೂ ಸಡಿಲಿಸಲು ನಾನು ಬಿಡುವುದಿಲ್ಲ.

ಜೈವಿಕ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು, 2019ರಲ್ಲಿ ಮತ್ತೊಮ್ಮೆ ಪರಿಶೀಲಿಸಿ ರಾತ್ರಿ ಪಾಳಿಯನ್ನು ಅದೇ ವರ್ಗದಲ್ಲಿ ಉಳಿಸಿಕೊಂಡಿತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಆ ವರ್ಗೀಕರಣ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿಯಾಗಿದೆ ಎಂಬುದನ್ನು. ಒಬ್ಬ ವ್ಯಕ್ತಿಗೆ ಅಪಾಯ ಎಷ್ಟಿದೆ ಎಂಬುದನ್ನಲ್ಲ. ಆದರೆ ವರ್ಷಗಟ್ಟಲೆ ಸತತವಾಗಿ ರಾತ್ರಿಯನ್ನೇ ಆರಿಸಿಕೊಳ್ಳುವವರು ಈ ವಿಷಯ ತಿಳಿದೇ ಆರಿಸಿಕೊಳ್ಳಬೇಕು.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಾನೂ ಮೂರನೆಯ ವರ್ಷದಲ್ಲಿದ್ದಾಗ ರಾತ್ರಿಯ ಹೆಮ್ಮೆ ನನಗೂ ಇತ್ತು. ಮೂತ್ರದ ಸೋಂಕಿಗೆ ದಾಖಲಾಗಿದ್ದ ವೃದ್ಧೆಯೊಬ್ಬರ ಉಸಿರಾಟ ಒಂದೂವರೆ ಗಂಟೆಗೆ ನಿಮಿಷಕ್ಕೆ 22 ಇತ್ತು, ಮೂರು ಗಂಟೆಗೆ 26 ಆಯಿತು. ಬಿ.ಪಿ. ಸ್ವಲ್ಪ ಇಳಿದಿತ್ತು, ಆದರೆ ಅವರು ಮಾತಾಡುತ್ತಿದ್ದರು. ಹಿಂದಿನ ವಾರವಷ್ಟೇ, ಸಣ್ಣದಕ್ಕೆಲ್ಲ ಎಬ್ಬಿಸುತ್ತೀಯಾ ಎಂದು ಡ್ಯೂಟಿ ಡಾಕ್ಟರ್ ನನ್ನ ಮೇಲೆ ರೇಗಿದ್ದರು. ನಾನು ಹಾಸಿಗೆಯ ತಲೆಭಾಗ ಎತ್ತಿದೆ, ಆಕ್ಸಿಜನ್ ಹಾಕಿದೆ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ನೋಡಿದೆ, ಅರ್ಧ ಗಂಟೆಗೊಮ್ಮೆ ಎಲ್ಲವನ್ನೂ ಅಂದವಾಗಿ ಕೇಸ್ ಶೀಟಿನಲ್ಲಿ ಬರೆದೆ. ಒಬ್ಬಳೇ ನಿಭಾಯಿಸುತ್ತಿದ್ದೇನೆ ಎಂಬ ತೃಪ್ತಿಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಡಾಕ್ಟರನ್ನು ಕರೆದದ್ದು 4.45ಕ್ಕೆ. ಸೋಂಕು ರಕ್ತಕ್ಕೆ ಹರಡಿತ್ತು. ಅವರನ್ನು ಐ.ಸಿ.ಯು.ಗೆ ಸಾಗಿಸಬೇಕಾಯಿತು, ಒಂಬತ್ತು ದಿನಗಳ ನಂತರ ವಾರ್ಡಿಗೆ ಮರಳಿ ಬಂದರು. ಇವತ್ತು ಅನೇಕ ಕಡೆ ಬಳಕೆಯಲ್ಲಿರುವ, 2012ರಲ್ಲಿ ಬ್ರಿಟನ್ನಿನಲ್ಲಿ ರೂಪಿಸಿದ, ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಅಂಕ ಹಾಕಿ ಮೊದಲೇ ಗುರುತಿಸುವ ಮುನ್ನೆಚ್ಚರಿಕೆಯ ಪಟ್ಟಿಯಲ್ಲಿ ಉಸಿರಾಟ 25 ಅಥವಾ ಹೆಚ್ಚಾದರೆ ಅದೊಂದಕ್ಕೇ 3 ಅಂಕ, ಅಂದರೆ ವೈದ್ಯರು ಬೇಗ ಬಂದು ನೋಡಲೇಬೇಕು. ಆಗ ನನ್ನ ಬಳಿ ಅಂಥ ಪಟ್ಟಿ ಇರಲಿಲ್ಲ, ಆದರೆ ಕಣ್ಣು ಇತ್ತು.

ಮರುದಿನ ನನ್ನ ಹಿರಿಯ ಸಿಸ್ಟರ್ ಬೈಯಲಿಲ್ಲ. ‘ನಿನಗೆ ಒಂದೂವರೆಗೇ ಗೊತ್ತಾಗಿತ್ತು, ನಾಲ್ಕೂ ಮುಕ್ಕಾಲರವರೆಗೆ ಅದನ್ನು ಯಾರ ಜೊತೆ ಹಂಚಿಕೊಂಡೆ?’ ಎಂದು ಮಾತ್ರ ಕೇಳಿದರು. ಅಂದಿನಿಂದ ನಾನು ಹೊಸಬರನ್ನು ಅಳೆಯುವುದು ಎಷ್ಟನ್ನು ಒಬ್ಬರೇ ನಿಭಾಯಿಸುತ್ತಾರೆ ಎಂಬುದರಿಂದಲ್ಲ, ಯಾವಾಗ ಫೋನ್ ಎತ್ತುತ್ತಾರೆ ಎಂಬುದರಿಂದ. ರಾತ್ರಿ ಮೂರು ಗಂಟೆಗೆ ನೀವು ಕಲಿತದ್ದು ನಿಜವಾದ ವಿದ್ಯೆ. ಅದು ಬೆಳಗಿನ ಪಾಳಿಗೆ ಹೋದರೂ ನಿಮ್ಮಲ್ಲೇ ಇರುತ್ತದೆ, ರೌಂಡ್ಸಿನಲ್ಲಿ ನೀವು ಬಾಯಿ ತೆರೆಯಬೇಕು ಅಷ್ಟೇ. ಆದರೆ ನಡುಗುವ ಕೈಯನ್ನು ಮೂರು ವಾರ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೀರಲ್ಲ, ಅದನ್ನು ಓದಿದಾಗ ನನಗೆ ನಾನು ಅಂದವಾಗಿ ಬರೆದಿಟ್ಟ ಆ ಕೇಸ್ ಶೀಟ್ ನೆನಪಾಯಿತು.

ಎರಡನೆಯ ಉತ್ತರ (ತುರ್ತು ಚಿಕಿತ್ಸಾ ವಿಭಾಗದ ನರ್ಸ್)

ಮೇಲಿನ ಮೇಡಂ ಬರೆದದ್ದನ್ನು ಗೌರವದಿಂದ ಓದಿದೆ. ಸ್ಕೂಟರಿನ ವಿಷಯದಲ್ಲಿ ಅವರ ಮಾತಿಗೆ ನನ್ನದೂ ಪೂರ್ಣ ಸಮ್ಮತಿ. ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ರಾತ್ರಿ ಕೆಟ್ಟದ್ದು, ಪಾಳಿ ಬದಲಾದರೆ ಎಲ್ಲವೂ ಸರಿಹೋಗುತ್ತದೆ ಎಂಬ ಅರ್ಥ ಅವರ ಉತ್ತರದಿಂದ ಹೊರಡಬಾರದು. ನಾನು ಆರು ವರ್ಷಗಳಿಂದ ತುರ್ತು ವಿಭಾಗದಲ್ಲಿದ್ದೇನೆ. ಕೆಟ್ಟದಾಗಿ ಬರೆದ ರೋಸ್ಟರ್ ನನ್ನನ್ನು ದಣಿಸಿದಷ್ಟು ಯಾವ ನೈಟ್ ಡ್ಯೂಟಿಯೂ ದಣಿಸಿಲ್ಲ.

ಆದ್ದರಿಂದ ಮೂರು ಪಾಳಿ ಎಂದರೆ ಯಾವ ಕ್ರಮದಲ್ಲಿ ಎಂದು ನಿಮ್ಮ ಇನ್‌ಚಾರ್ಜ್ ಸಿಸ್ಟರನ್ನು ಮೊದಲು ಕೇಳಿ. ಬೆಳಗು, ಆಮೇಲೆ ಸಂಜೆ, ಆಮೇಲೆ ರಾತ್ರಿ ಎಂಬ ಮುಂದೆ ಸಾಗುವ ಕ್ರಮವನ್ನು ದೇಹ ಸುಲಭವಾಗಿ ತಾಳಿಕೊಳ್ಳುತ್ತದೆ. ನಮ್ಮೊಳಗಿನ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸುಮಾರು ಹತ್ತು ನಿಮಿಷ ಹೆಚ್ಚಿರುವುದರಿಂದ ತಡವಾಗಿ ಮಲಗುವುದು ಅದಕ್ಕೆ ಸಹಜ, ಬೇಗ ಮಲಗುವುದು ಕಷ್ಟ. ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಬೆಳಗಿಗೆ ಹಿಂದಕ್ಕೆ ತಳ್ಳುವ ರೋಸ್ಟರ್ ಪ್ರತಿ ಸಲವೂ ಈ ಸ್ವಭಾವದ ವಿರುದ್ಧ ಹೋಗುತ್ತದೆ. ಎರಡು ಪಾಳಿಗಳ ನಡುವೆ ಎಷ್ಟು ಗಂಟೆ ಬಿಡುವು ಇರುತ್ತದೆ ಎಂಬುದನ್ನೂ ಕೇಳಿ. ರಾತ್ರಿ ಒಂಬತ್ತೂವರೆಗೆ ಮನೆಗೆ ಹೊರಟವರನ್ನು ಬೆಳಗ್ಗೆ ಏಳಕ್ಕೆ ಮತ್ತೆ ಕರೆಸುವ ಪದ್ಧತಿಯನ್ನು ನಾನು ಕಂಡಿದ್ದೇನೆ. ಐರೋಪ್ಯ ಒಕ್ಕೂಟದ ನಿಯಮ ಪ್ರತಿ 24 ಗಂಟೆಯಲ್ಲಿ ಕನಿಷ್ಠ 11 ಗಂಟೆ ಸತತ ವಿಶ್ರಾಂತಿ ಇರಬೇಕು ಎನ್ನುತ್ತದೆ. ನಿಮ್ಮಲ್ಲಿ ಅಂಥ ನಿಯಮ ಇರಲಿ, ಇಲ್ಲದಿರಲಿ, ಕೇಳುವುದರಲ್ಲಿ ತಪ್ಪಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ ರಾತ್ರಿ ಕೆಲಸದ ಒಡಂಬಡಿಕೆಯೂ ಇದೆ. ರಾತ್ರಿ ದುಡಿಯುವವರು ಕೇಳಿದರೆ ಉಚಿತವಾಗಿ ಆರೋಗ್ಯ ತಪಾಸಣೆ ಮಾಡಿಸಬೇಕು, ಆರೋಗ್ಯದ ಕಾರಣದಿಂದ ರಾತ್ರಿ ಕೆಲಸಕ್ಕೆ ತಕ್ಕವರಲ್ಲ ಎಂದು ಕಂಡುಬಂದವರಿಗೆ ಸಾಧ್ಯವಾದಲ್ಲೆಲ್ಲ ಅದೇ ರೀತಿಯ ಬೇರೆ ಕೆಲಸ ಕೊಡಬೇಕು ಎಂದು ಅದರಲ್ಲಿದೆ. ಅದನ್ನು ಅಂಗೀಕರಿಸಿದ ದೇಶಗಳಿಗೆ ಮಾತ್ರ ಅದು ಬದ್ಧ, ಆದರೆ ರಾತ್ರಿ ದುಡಿಯುವವರು ಏನನ್ನು ಕೇಳಬಹುದು ಎಂಬುದಕ್ಕೆ ಅದೊಂದು ಅಳತೆಗೋಲು.

ನಿದ್ದೆಯ ವಿಷಯದಲ್ಲಿ ನನಗೆ ಕೆಲಸ ಮಾಡಿದ್ದನ್ನು ಹೇಳುತ್ತೇನೆ. ಮೊದಲ ನೈಟಿಗೆ ಹೋಗುವ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆ ಮಲಗುತ್ತೇನೆ. ಜೊತೆಯವರು ವಾರ್ಡ್ ನೋಡಿಕೊಳ್ಳುವ ಹಾಗಿದ್ದರೆ ರಾತ್ರಿ ಎರಡರ ಸುಮಾರಿಗೆ 20 ನಿಮಿಷ ಕಣ್ಣು ಮುಚ್ಚುತ್ತೇನೆ. ಅದಕ್ಕಿಂತ ಹೆಚ್ಚು ಮಲಗಿದರೆ ಎದ್ದ ಮೇಲೆ ತಲೆ ಮಂಕಾಗಿ, ಆ ಸ್ಥಿತಿಯಲ್ಲಿ ಔಷಧದ ಟ್ರಾಲಿ ಮುಟ್ಟಲು ನನಗೇ ಭಯವಾಗುತ್ತದೆ. ಕಾಫಿಯ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುವುದರಿಂದ ಮೂರು ಗಂಟೆಯ ಮೇಲೆ ಕುಡಿಯುವುದಿಲ್ಲ. ಹೊರಡುವಾಗ ಕಪ್ಪು ಕನ್ನಡಕ, ಕೋಣೆಗೆ ಬೆಳಕು ತೂರದ ದಪ್ಪ ಪರದೆ. ಫೋನನ್ನು ಬೇರೆ ಕಡೆ ಇಡುತ್ತೇನೆ, ಮತ್ತು ಇದು ನಿಮಗೆ ಅತಿ ಮುಖ್ಯ, ಏಕೆಂದರೆ ನಿಮ್ಮ ನಿದ್ದೆಯನ್ನು ಪ್ರತಿ ದಿನ ಸರಿಯಾಗಿ ಮಧ್ಯದಲ್ಲಿ ಕತ್ತರಿಸುತ್ತಿರುವುದು ಬೆಳಕಿಗಿಂತ ಹೆಚ್ಚಾಗಿ ಆ 12 ಗಂಟೆಯ ಕರೆ.

ಸ್ವಾತಂತ್ರ್ಯದ ಬಗ್ಗೆ ನೀವು ಬರೆದದ್ದನ್ನು ಯಾರೂ ಹಗುರವಾಗಿ ಕಾಣಬಾರದು ಎಂದು ನನಗೆ ಅನಿಸುತ್ತದೆ. ಮನೆಯವರ ಪ್ರಶ್ನೆಗಳಿಲ್ಲದೆ ಬಾಗಿಲು ತೆರೆಯುವ ಸುಖ ಸಣ್ಣದಲ್ಲ, ಅದನ್ನು ಅನುಭವಿಸುವುದಕ್ಕೆ ನಾಚಿಕೆಪಡಬೇಕಾಗಿಯೂ ಇಲ್ಲ. ಗಂಡುಮಕ್ಕಳಾದ ನಮಗೆ ಅದು ಕೇಳದೆಯೇ ಸಿಕ್ಕಿರುತ್ತದೆ, ಹಾಗಾಗಿ ಅದರ ಬೆಲೆ ನಮಗೆ ತಿಳಿಯುವುದು ತಡ. ಆದರೆ ನನಗೆ ಆದದ್ದನ್ನೂ ಕೇಳಿ. ಎರಡನೆಯ ವರ್ಷದ ಕೊನೆಗೆ ಒಂದು ದಿನ ಲೆಕ್ಕ ಹಾಕಿ ನೋಡಿದೆ. ಆಸ್ಪತ್ರೆಯ ಹೊರಗಿನ ಯಾವ ಸ್ನೇಹಿತನೊಡನೆಯೂ ಎರಡು ತಿಂಗಳಿಂದ ನಾನು ಮಾತಾಡಿರಲಿಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ, ನಾನು ಎದ್ದಿರುವಾಗ ಅವರು ಮಲಗಿರುತ್ತಿದ್ದರು, ಅಷ್ಟೇ. ಅಂದಿನಿಂದ ನೈಟ್ ಆಫ್ ದಿನಗಳ ಒಂದು ಸಂಜೆಯನ್ನು ಸ್ನೇಹಿತರಿಗೆಂದೇ ತೆಗೆದಿಟ್ಟಿದ್ದೇನೆ. ನೀವು ಬರೆದ ಖಾಲಿ ರಸ್ತೆಯ ನಡಿಗೆಯನ್ನು ಓದಿದಾಗ ಅದರಲ್ಲಿ ಜೊತೆಗೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ.

ಮೂರನೆಯ ಉತ್ತರ (ನರ್ಸ್ ಒಬ್ಬರ ತಾಯಿ)

ನಾನು ಆಸ್ಪತ್ರೆಯ ಕೆಲಸದವಳಲ್ಲ. ನನ್ನ ಮಗಳು ನಿಮ್ಮ ಹಾಗೆಯೇ ನರ್ಸ್, ಅವಳು ತೋರಿಸಿದ್ದರಿಂದ ನಿಮ್ಮ ಬರಹವನ್ನು ಓದಿದೆ. ನಿಮ್ಮ ಅಮ್ಮ ಏನೆಂದುಕೊಳ್ಳುತ್ತಾರೆ ಎಂಬುದನ್ನು ಊಹಿಸಿ ಹೇಳುವ ಅಧಿಕಾರ ನನಗಿಲ್ಲ. ನನಗೆ ಏನಾಯಿತು ಎಂಬುದನ್ನು ಮಾತ್ರ ಹೇಳುತ್ತೇನೆ.

ನನ್ನ ಮಗಳೂ ಒಂದು ವರ್ಷ ನಮಗೆ ಸುಳ್ಳು ಹೇಳಿದ್ದಳು. ನಾನೂ ಮಧ್ಯಾಹ್ನವೇ ಫೋನ್ ಮಾಡುತ್ತಿದ್ದೆ, ಏಕೆಂದರೆ ಅದು ನನಗೆ ಬಿಡುವಿನ ಹೊತ್ತು. ಅವಳಿಗೆ ಅದು ನಡುರಾತ್ರಿ ಎಂಬುದು ನನಗೆ ಹೊಳೆದೇ ಇರಲಿಲ್ಲ. ಒಮ್ಮೆ ಅವಳ ಬಳಿ ನಾಲ್ಕು ದಿನ ಇದ್ದು ಬರಲು ಹೋದಾಗ, ಬೆಳಗ್ಗೆ ಬಂದವಳು ಬಟ್ಟೆಯನ್ನೂ ಬದಲಿಸದೆ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋದದ್ದನ್ನು ಕಂಡೆ. ಮೂರು ಗಂಟೆಯ ನಂತರ ಅವಳ ಫೋನ್ ಬಡಿದುಕೊಂಡಿತು. ಊರಿನಿಂದ ಅವಳ ಅಪ್ಪ ಮಾಡಿದ ಕರೆ. ಅವಳು ಕಣ್ಣು ಮುಚ್ಚಿಕೊಂಡೇ ನಗುವಿನ ಧ್ವನಿಯಲ್ಲಿ ಮಾತಾಡಿದಳು. ಆ ಧ್ವನಿಯನ್ನು ಒಂದು ವರ್ಷದಿಂದ ನಾನು ಕೇಳುತ್ತಾ ಬಂದಿದ್ದೆ, ಆ ಮುಖವನ್ನು ಕಂಡದ್ದು ಅಂದೇ ಮೊದಲು. ಅವಳು ಸುಳ್ಳು ಹೇಳಿದ್ದಕ್ಕಿಂತ, ಇಷ್ಟು ದಿನ ಅವಳನ್ನು ಎಬ್ಬಿಸಿದವಳು ನಾನೇ ಎಂಬುದು ನನ್ನನ್ನು ಹೆಚ್ಚು ನೋಯಿಸಿತು.

ನಿಮ್ಮ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ಅವಳು ಮೊದಲ ತಿಂಗಳಲ್ಲೇ ನಿಜ ಹೇಳಿದ್ದರೆ, ಕೆಲಸ ಬಿಟ್ಟು ಮನೆಗೆ ಬಾ ಎಂದು ನಾನು ಖಂಡಿತ ಹೇಳುತ್ತಿದ್ದೆ. ಒಂದು ವರ್ಷದ ನಂತರ ತಿಳಿದಾಗ ಹಾಗೆ ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವಳು ಏನಾಗಿದ್ದಾಳೆ ಎಂಬುದನ್ನೂ ಅಲ್ಲಿದ್ದ ನಾಲ್ಕು ದಿನಗಳಲ್ಲಿ ನೋಡಿದ್ದೆ. ಈಗ ಅವಳು ರೋಸ್ಟರಿನ ಫೋಟೊ ಕಳಿಸುತ್ತಾಳೆ. ಅದನ್ನು ಬಾಗಿಲ ಹಿಂದೆ ಅಂಟಿಸಿ, ನೈಟ್ ಇರುವ ದಿನಗಳಿಗೆ ಗುರುತು ಹಾಕಿಕೊಂಡು ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಯಾವಾಗ ಮನೆಗೆ ಬರುತ್ತೀಯ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೆಲವು ರಾತ್ರಿ ಮೂರಕ್ಕೆ ನನಗೆ ಎಚ್ಚರವಾಗುತ್ತದೆ, ಈಗ ಅವಳು ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಾ ಮಲಗಿರುತ್ತೇನೆ. ಅದು ಹೋಗಿಲ್ಲ, ಹೋಗುವುದೂ ಇಲ್ಲ ಎಂದು ಕಾಣುತ್ತದೆ. ಆದರೆ ಏನೂ ತಿಳಿಯದೆ ನೆಮ್ಮದಿಯಾಗಿ ಮಲಗಿದ್ದ ವರ್ಷಕ್ಕಿಂತ ಇದೇ ನನಗೆ ಬೇಕು.

ಪ್ರಶ್ನೆ ಕೇಳಿದವರ ಮರುಬರಹ (ಎರಡು ವಾರಗಳ ನಂತರ)

ಉತ್ತರಿಸಿದ ಮೂವರಿಗೂ ಕೃತಜ್ಞತೆಗಳು. ತಕ್ಷಣ ಬರೆಯಲು ಆಗಲಿಲ್ಲ, ಏಕೆಂದರೆ ಮೊದಲು ಕೆಲವು ಕೆಲಸಗಳನ್ನು ಮಾಡಿಯೇ ಬರೆಯಬೇಕು ಎಂದುಕೊಂಡೆ.

ಸ್ಕೂಟರನ್ನು ಅಂದೇ ನಿಲ್ಲಿಸಿದೆ. ನೈಟ್ ಮುಗಿದ ಮೇಲೆ ಬಸ್ಸಿನಲ್ಲಿ ಬರುತ್ತೇನೆ. ಎರಡು ಸಲ ನಿದ್ದೆ ಹೋಗಿ ನನ್ನ ನಿಲ್ದಾಣವನ್ನು ದಾಟಿ ಮುಂದೆ ಹೋಗಿದ್ದೆ. ಸ್ಕೂಟರಿನ ಮೇಲೆ ಇದೇ ನಿದ್ದೆ ಬಂದಿದ್ದರೆ ಎಂದು ಯೋಚಿಸಿದಾಗ ಮೇಡಂ ಅದನ್ನು ಏಕೆ ಮೊದಲಿಗೆ ತೆಗೆದುಕೊಂಡರು ಎಂಬುದು ಅರ್ಥವಾಯಿತು. ಇನ್‌ಚಾರ್ಜ್ ಸಿಸ್ಟರ್ ಬಳಿ ಹೋಗಿ ಆ ಬೆಳಗಿನ ಸಂಗತಿಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಎರಡನೆಯ ವರ್ಷದಲ್ಲಿ ತಮಗೂ ಹೀಗೇ ಆಗಿತ್ತು ಎಂದರು. ಪಾಳಿಯ ಕ್ರಮ ಬೆಳಗು, ಸಂಜೆ, ರಾತ್ರಿ ಎಂದೇ ಇರಲಿ, ಸತತ ನೈಟ್ ಮೂರಕ್ಕಿಂತ ಹೆಚ್ಚು ಬೇಡ ಎಂದು ಕೇಳಿದೆ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ, ಜನ ಕಡಿಮೆ ಇರುವ ತಿಂಗಳು ನಾಲ್ಕು ಆಗಬಹುದು ಎಂದರು. ಕಾಯಂ ರಾತ್ರಿ ಬೇಕು ಎಂಬ ಮಾತನ್ನು ನಾನು ಎತ್ತಲಿಲ್ಲ. ಬಿಟ್ಟೇಬಿಟ್ಟೆ ಎಂದೂ ಹೇಳಲಾರೆ, ಎರಡು ತಿಂಗಳು ನೋಡುತ್ತೇನೆ.

ಹಗಲಿನ ಪಾಳಿಯ ಮೊದಲ ವಾರ ಮುಗಿಯಿತು. ಹಿಂದಿನಂತೆಯೇ ಓಡಾಟ, ಗದ್ದಲ. ಬುಧವಾರ ರೌಂಡ್ಸ್ ನಡೆಯುವಾಗ 17ನೇ ಹಾಸಿಗೆಯವರ ಕಾಗದಪತ್ರ ನೋಡಿ, ಎಲ್ಲ ಸರಿ ಇದೆ, ನಾಳೆ ಡಿಸ್ಚಾರ್ಜ್ ಮಾಡಬಹುದು ಎಂದು ಹಿರಿಯ ವೈದ್ಯರು ಮುಂದೆ ನಡೆದರು. ನಾನು, ಸರ್, ನಿನ್ನೆಗಿಂತ ಇವತ್ತು ಉಸಿರು ಹೆಚ್ಚಾಗಿದೆ, ಒಂದು ನಿಮಿಷ ಪೂರ್ತಿ ಎಣಿಸಿದ್ದೇನೆ, 24 ಇದೆ ಎಂದೆ. ಅವರು ನಿಂತು, ಹಿಂದಿರುಗಿ ಬಂದು, ತಾವೇ ಎಣಿಸಿದರು. ಆ ರೋಗಿ ಇನ್ನೂ ವಾರ್ಡಿನಲ್ಲಿದ್ದಾರೆ, ಚಿಕಿತ್ಸೆ ನಡೆಯುತ್ತಿದೆ.

ಮನೆಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ನಾಲ್ಕು ದಿನ ಮುಂದೂಡಿ, ಐದನೆಯ ದಿನ ಸಂಜೆ ನಾನೇ ಫೋನ್ ಮಾಡಿದೆ. 14 ತಿಂಗಳು ಎಂದಾಗ ಅಮ್ಮ ಏನೂ ಮಾತಾಡಲಿಲ್ಲ. ಅಪ್ಪ ಫೋನ್ ತೆಗೆದುಕೊಂಡು, ಬೇರೆ ಕೆಲಸ ನೋಡೋಣ, ಬಂದುಬಿಡು ಎಂದರು. ಬರುವುದಿಲ್ಲ ಅಪ್ಪ ಎಂದೆ. ಅವರ ಎದುರು ಇಷ್ಟು ನೇರವಾಗಿ ಇಲ್ಲ ಎಂದದ್ದು ಬಹುಶಃ ಅದೇ ಮೊದಲು. ಧ್ವನಿ ನಡುಗಿತು, ಆದರೆ ಮಾತು ಬದಲಾಗಲಿಲ್ಲ. ಅವರಿಗೆ ಬೇಸರವಾಗಿದೆ, ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಅಮ್ಮ ಫೋನ್ ಮಾಡಿ, ರಾತ್ರಿ ಮೂರು ಗಂಟೆಗೆ ನೀನು ಏನು ಮಾಡುತ್ತಿರುತ್ತೀಯ ಎಂದು ಕೇಳಿದರು. ಇದುವರೆಗೆ ಅವರು ನನ್ನನ್ನು ಕೇಳಿದ್ದು ಎಲ್ಲಿದ್ದೀಯ ಎಂದೇ ಹೊರತು ಏನು ಮಾಡುತ್ತೀಯ ಎಂದಲ್ಲ. ನಿದ್ದೆ ಬಾರದೆ ಕಿಟಕಿಯ ಕಡೆ ನೋಡುತ್ತಾ ಕೂರುತ್ತಿದ್ದ ಒಬ್ಬ ಅಜ್ಜನ ವಿಷಯ ಹೇಳಿದೆ, ಕ್ಯಾನುಲಾ (ಡ್ರಿಪ್ ಹಾಕುವ ಸಣ್ಣ ನಳಿಗೆ) ಸುಲಭವಾಗಿ ಹಾಕಲಾಗದ ಕೈಯಲ್ಲಿ ನರ ಹುಡುಕುವುದನ್ನು ಹೇಳಿದೆ, ನಾಲ್ಕು ಗಂಟೆಗೆ ಲೆಕ್ಕ ತಪ್ಪದ ಹಾಗೆ ಇಬ್ಬರೂ ಗಟ್ಟಿಯಾಗಿ ಓದಿ ನೋಡುವುದನ್ನು ಹೇಳಿದೆ. ಮಾತು ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

ತುರ್ತು ವಿಭಾಗದ ಸೋದರರಲ್ಲಿ ಇನ್ನೊಂದು ವಿಷಯ ಕೇಳುವುದಿದೆ. ನನ್ನ ಸಂಜೆ ಪಾಳಿಯ ವಾರ ಭಾನುವಾರ ಮುಗಿಯುತ್ತದೆ, ಸೋಮವಾರ ರಾತ್ರಿಯಿಂದ ನೈಟ್ ಇದೆ. ಭಾನುವಾರ ರಾತ್ರಿ ಬೇಕೆಂದೇ ತಡವಾಗಿ ಮಲಗಿ ಸೋಮವಾರ ತಡವಾಗಿ ಏಳುವುದು ಒಳ್ಳೆಯದೇ, ಅಥವಾ ಎಂದಿನ ಹೊತ್ತಿಗೇ ಎದ್ದು, ನೀವು ಹೇಳಿದ ಹಾಗೆ ಮಧ್ಯಾಹ್ನ ಒಂದೂವರೆ ಗಂಟೆ ಮಲಗುವುದು ಒಳ್ಳೆಯದೇ? ಬಿಡುವಾದಾಗ ತಿಳಿಸಿ.